ಒಂದನ್ನು ನೀನು ಹಿಡಿ, ಇನ್ನೊಂದನ್ನು ಅದಕ್ಕೆ ಬಿಡು

ಮಗಳೇ,

ಹೊಸ ಕ್ಯಾಮೆರಾ ಕೈಗೆ ಬಂದ ಮೊದಲ ವಾರದಲ್ಲೇ ಯಾರೋ ನಿನ್ನ ಕಿವಿಯಲ್ಲಿ ಊದಿದ್ದಾರಂತೆ, ‘ಎಂ’ (ಮ್ಯಾನುಯಲ್) ಮೋಡ್‌ನಲ್ಲಿ ತೆಗೆಯದವರು ಫೋಟೋಗ್ರಾಫರೇ ಅಲ್ಲ ಎಂದು. ಆ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ನಮ್ಮ ಹಿರಿಯರು ಹಕ್ಕಿಗಳ ಹಿಂದೆ ಕಾಡಿಗೆ ಹೊರಟ ಕಾಲದಲ್ಲಿ ಎಲ್ಲವನ್ನೂ ಕೈಯಲ್ಲೇ ಹೊಂದಿಸಬೇಕಿತ್ತು ನಿಜ. ಬೇರೆ ದಾರಿಯೇ ಇರಲಿಲ್ಲ. ಹಾಗಿದ್ದಾಗ ಹಕ್ಕಿ ಬಂದ ಮೇಲೆ ಯೋಚಿಸುತ್ತ ಕೂರಲಾಗುತ್ತದೆಯೇ? ಎಂಥ ಚಿತ್ರ ಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡು ಕಾಯಬೇಕಿತ್ತು. ಆ ನಿಶ್ಚಯ ಇದೆಯಲ್ಲ, ಅದನ್ನು ಅವರಿಂದ ಕಲಿ. ಡಯಲ್ ಮೇಲೆ ಯಾವ ಅಕ್ಷರ ಇತ್ತು ಎಂದು ಫೋಟೋ ನೋಡಿದ ಯಾರೂ ಕೇಳುವುದಿಲ್ಲ.

ಈಗ ನೀನು ಕೇಳಿದ ‘ಎ’ ಮತ್ತು ‘ಎಸ್’ ಮೋಡ್‌ಗಳ ವಿಷಯಕ್ಕೆ ಬರುತ್ತೇನೆ. ಡಯಲ್‌ನಲ್ಲಿ ‘ಎ’ ಅಥವಾ ‘ಎವಿ’ ಇದ್ದರೆ ಅಪರ್ಚರ್, ಅಂದರೆ ಲೆನ್ಸಿನ ಕಂಡಿ, ನಿನ್ನ ಕೈಯಲ್ಲಿ; ಶಟರ್ ಸ್ಪೀಡನ್ನು ಕ್ಯಾಮೆರಾ ಲೆಕ್ಕ ಹಾಕಿಕೊಳ್ಳುತ್ತದೆ. ‘ಎಸ್’ ಅಥವಾ ‘ಟಿವಿ’ ಇದ್ದರೆ ಶಟರ್ ಸ್ಪೀಡ್ ನಿನ್ನದು, ಅಪರ್ಚರ್ ಅದರದು. ಎರಡರಲ್ಲೂ ಒಂದನ್ನು ನೀನು ಹಿಡಿಯುತ್ತೀ, ಇನ್ನೊಂದನ್ನು ಬಿಟ್ಟುಕೊಡುತ್ತೀ. ಆದ್ದರಿಂದ ಕ್ಯಾಮೆರಾ ಕಣ್ಣಿಗೆ ಏರಿಸುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಎದುರಿಗಿರುವುದರಲ್ಲಿ ನನಗೆ ಮುಖ್ಯವಾದದ್ದು ಎಷ್ಟು ದೂರದಿಂದ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣಬೇಕು ಎಂಬುದೋ, ಅಥವಾ ಚಲನೆ ಹೇಗೆ ಕಾಣಬೇಕು ಎಂಬುದೋ? ಮೊದಲನೆಯದಾದರೆ ಅಪರ್ಚರ್ ಹಿಡಿ. ಎರಡನೆಯದಾದರೆ ಶಟರ್ ಹಿಡಿ.

ಮುಂದಿನ ತಿಂಗಳು ನಿನ್ನ ಚಿಕ್ಕಮ್ಮನ ಮಗಳ ಮದುವೆ ಇದೆಯಲ್ಲ, ಅಲ್ಲೇ ನೋಡು. ಧಾರೆಗೆ ಮೊದಲು ಮದುಮಗಳು ಕನ್ನಡಿಯೆದುರು ಕೂತಿರುತ್ತಾಳೆ. ಸುತ್ತ ತಟ್ಟೆ, ಚೀಲ, ಚಾರ್ಜರು, ಯಾರದೋ ಮಗು. ನಿನ್ನ 50 ಎಂ.ಎಂ. ಲೆನ್ಸನ್ನು ಎಫ್/1.8ಕ್ಕೆ ತೆರೆದು ಒಂದೂವರೆ ಮೀಟರ್ ದೂರದಿಂದ ಅವಳ ಕಣ್ಣಿಗೆ ಫೋಕಸ್ ಮಾಡು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಉಳಿಯುವ ಆಳ ಹೆಚ್ಚುಕಡಿಮೆ 10 ಸೆಂಟಿಮೀಟರ್. ಮುಖ ಉಳಿಯುತ್ತದೆ, ಗಲಾಟೆಯೆಲ್ಲ ಕರಗುತ್ತದೆ. ಅದೇ ಎಫ್/1.8ರಲ್ಲಿ ಊಟಕ್ಕೆ ಮೊದಲು ಮಂಟಪದ ಮೇಲೆ ನಿಂತ ನೆಂಟರ ಗುಂಪನ್ನು ನಾಲ್ಕು ಮೀಟರ್ ದೂರದಿಂದ ತೆಗೆದರೆ ಸಿಗುವ ಆಳ ಮುಕ್ಕಾಲು ಮೀಟರೂ ಇಲ್ಲ. ಮುಂದೆ ಕೂತ ಅಜ್ಜ ಅಜ್ಜಿ ಚೆಂದ, ಹಿಂದಿನ ಸಾಲಿನ ಸೋದರಮಾವಂದಿರೆಲ್ಲ ಮಬ್ಬು. ಗುಂಪಿಗೆ ಎಫ್/5.6, ಮೂರು ಸಾಲಿದ್ದರೆ ಎಫ್/8. ಕೂತವರು, ನಿಂತವರು ಓಡುವುದಿಲ್ಲ; ಶಟರ್ 1/125ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಸಾಕು. ಇವೆಲ್ಲ ‘ಎ’ ಮೋಡ್‌ನ ಕೆಲಸ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಲಿಸುವವರು ಇದನ್ನು ಹೆಚ್ಚಾಗಿ ಹಾರಿಸಿಬಿಡುತ್ತಾರೆ. ಎ ಮತ್ತು ಎಸ್ ಒಂದರ ಕನ್ನಡಿಬಿಂಬ ಇನ್ನೊಂದು ಎಂಬಂತೆ ಹೇಳುವುದು ರೂಢಿ. ಅವು ಹಾಗಿಲ್ಲ. ನಿನ್ನ ಕ್ಯಾಮೆರಾದ ಶಟರ್ 30 ಸೆಕೆಂಡಿನಿಂದ 1/8000 ಸೆಕೆಂಡಿನವರೆಗೆ ಹೋಗುತ್ತದೆ. ಒಂದೊಂದು ಸ್ಟಾಪಿಗೆ ಬೆಳಕು ಅರ್ಧವಾಗುವ ಲೆಕ್ಕದಲ್ಲಿ ಅದು ಸುಮಾರು 18 ಸ್ಟಾಪ್. ಲೆನ್ಸಿನ ಅಪರ್ಚರ್? ಎಫ್/2.8ರಿಂದ ಎಫ್/22ರವರೆಗೆ ಬರೀ 6. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಪೂರ್ತಿ ಝೂಮ್ ಮಾಡಿದಾಗ ಅದು ಎಫ್/5.6ರಿಂದಲೇ ಶುರುವಾಗುತ್ತದೆ, 5 ಸ್ಟಾಪ್ ಸಿಕ್ಕರೆ ಪುಣ್ಯ. ಅಂದರೆ ಅಪರ್ಚರ್ ನೀನು ಹಿಡಿದರೆ ಕ್ಯಾಮೆರಾಕ್ಕೆ ಓಡಾಡಲು ವಿಶಾಲವಾದ ಜಾಗ ಇರುತ್ತದೆ. ಎಂಥ ಬೆಳಕಿದ್ದರೂ ಸರಿಹೊಂದುವ ಯಾವುದೋ ಒಂದು ಶಟರ್ ಸ್ಪೀಡ್ ಅದಕ್ಕೆ ಸಿಕ್ಕೇ ಸಿಗುತ್ತದೆ. ಶಟರ್ ನೀನು ಹಿಡಿದರೆ ಅದಕ್ಕೆ ಉಳಿಯುವುದು ಇಕ್ಕಟ್ಟಾದ ಜಾಗ. ಬೆಳಕು ಸ್ವಲ್ಪ ಬದಲಾದರೂ ಗೋಡೆಗೆ ತಲೆ ಬಡಿಯುತ್ತದೆ. ಆಗ ವ್ಯೂಫೈಂಡರ್‌ನಲ್ಲಿ ಅಪರ್ಚರ್ ಅಂಕಿ ಮಿನುಗುತ್ತದೆ ಅಥವಾ ಬಣ್ಣ ಬದಲಿಸುತ್ತದೆ. ಆ ಸೂಚನೆ ಗಮನಿಸದೆ ಒತ್ತಿದರೆ ಚಿತ್ರ ಒಂದೋ ಕಪ್ಪು, ಇಲ್ಲವೋ ಬಿಳಿ.

ಇದರಿಂದ ಎರಡೂ ಮೋಡ್‌ಗಳು ಕೈಕೊಡುವ ರೀತಿಯೂ ಬೇರೆ ಬೇರೆ. ಎ ಮೋಡ್ ಕೈಕೊಟ್ಟರೆ ಬೆಳಕು ಸರಿ ಇರುತ್ತದೆ, ಚಿತ್ರ ಅಲುಗಾಡಿರುತ್ತದೆ. ಎಸ್ ಮೋಡ್ ಕೈಕೊಟ್ಟರೆ ಚಿತ್ರ ನಿಂತಿರುತ್ತದೆ, ಬೆಳಕು ಕೆಟ್ಟಿರುತ್ತದೆ. ರಾ ಫೈಲ್ ಇದ್ದರೆ ಎರಡು ಸ್ಟಾಪ್ ಕತ್ತಲನ್ನು ಕಂಪ್ಯೂಟರ್‌ನಲ್ಲಿ ಎತ್ತಬಹುದು. ಅಲುಗಾಡಿದ್ದನ್ನು ಸರಿಮಾಡಲು ಯಾವ ಸಾಫ್ಟ್‌ವೇರ್ ತಂದರೂ ನನಗೆ ತೃಪ್ತಿಯಾಗಿಲ್ಲ. ಹಾಗಾಗಿ ಎ ಮೋಡ್‌ನಲ್ಲಿರುವಾಗ ನಿನ್ನ ಕಣ್ಣು ನೀನು ಹಿಡಿದ ಅಂಕಿಯ ಮೇಲೆ ಇರಬೇಕಾಗಿಲ್ಲ, ಬಿಟ್ಟುಕೊಟ್ಟ ಅಂಕಿಯ ಮೇಲಿರಲಿ. ಎಸ್ ಮೋಡ್‌ನಲ್ಲೂ ಅಷ್ಟೇ. ನಾನು ಹೇಳಬೇಕೆಂದಿರುವುದರಲ್ಲಿ ಅತಿ ಮುಖ್ಯವಾದದ್ದು ಇದು, ಇನ್ನೊಮ್ಮೆ ಓದು.

ಈ ಎರಡು ಮೋಡ್‌ಗಳ ಜಗಳ ನಿನ್ನ ವಯಸ್ಸಿಗಿಂತ ಬಹಳ ಹಳೆಯದು. 1965ರಲ್ಲಿ ಬಂದ ಕೊನಿಕಾ ಆಟೋರಿಫ್ಲೆಕ್ಸ್‌ನಲ್ಲಿ ಶಟರ್ ನಾವು ಇಟ್ಟರೆ ಅಪರ್ಚರ್ ತಾನಾಗಿ ಹೊಂದುತ್ತಿತ್ತು. 1976ರ ಕ್ಯಾನನ್ ಎಇ-1 ಕೂಡ ಶಟರ್ ಪಕ್ಷ. ಲಕ್ಷಾಂತರ ಜನರ ಕೈಗೆ ಹೋಯಿತು. ನಿಕಾನ್‌ನವರು 1972ರ ನಿಕರ್‌ಮ್ಯಾಟ್ ಇಎಲ್‌ನಲ್ಲಿ, ಆಮೇಲೆ 1978ರ ಎಫ್ಇಯಲ್ಲಿ ಅಪರ್ಚರ್ ಪಕ್ಷ ಹಿಡಿದರು. ಶಟರನ್ನು ಎಲೆಕ್ಟ್ರಾನಿಕ್ ಆಗಿ ನಿಯಂತ್ರಿಸುವುದು ಸಾಧ್ಯವಾದ ಮೇಲೆ ಅಪರ್ಚರ್ ಮೋಡ್ ಮಾಡುವುದು ಸುಲಭವಾಗಿತ್ತು. ಲೆನ್ಸಿನೊಳಗಿನ ಎಲೆಗಳನ್ನು ಕ್ಯಾಮೆರಾ ಕಡೆಯಿಂದ ಲಿವರ್ ಮೂಲಕ ನಿಖರವಾಗಿ ಆಡಿಸುವುದು ಹೆಚ್ಚು ತೊಡಕಿನ ಕೆಲಸ. 1977ರಲ್ಲಿ ಮಿನೋಲ್ಟಾ ಎಕ್ಸ್‌ಡಿ ಎರಡನ್ನೂ ಒಂದೇ ಬಾಡಿಯಲ್ಲಿ ಕೊಟ್ಟಿತು. ಅಲ್ಲಿಯವರೆಗೆ ಯಾವ ಕಂಪನಿಯ ಕ್ಯಾಮೆರಾ ಕೊಂಡಿದ್ದರೋ ಆ ಕಂಪನಿಯ ಮೋಡ್‌ನ ಪರ ವಾದ ಮಾಡುತ್ತಿದ್ದರು ಜನ. ನಿನಗೆ ಆ ಹಂಗಿಲ್ಲ.

ಕಂಬಳಕ್ಕೆ ಹೋಗಬೇಕೆಂದು ಬರೆದಿದ್ದೀಯಲ್ಲ, ಖಂಡಿತ ಹೋಗು. ಈ ಎರಡು ಮೋಡ್‌ಗಳನ್ನು ಕಲಿಯಲು ಕೋಣಗಳು ಓಡುವ ಕಂಬಳದ ಕರೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆಗೆ ಹೋದರೆ ಬೆಳಿಗ್ಗೆಯಿಂದ ಮರುದಿನದವರೆಗೂ ಎಲ್ಲ ಬಗೆಯ ಬೆಳಕೂ ಸಿಗುತ್ತದೆ.

ಮೊದಲು ವೇಗದ ಲೆಕ್ಕ ತಿಳಿದುಕೋ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. ಆ ವೇಗದಲ್ಲಿ ಕೋಣ 1/60 ಸೆಕೆಂಡಿನಲ್ಲಿ 17 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, 1/1000 ಸೆಕೆಂಡಿನಲ್ಲಿ ಒಂದು ಸೆಂಟಿಮೀಟರ್. ಎಸ್ ಮೋಡ್‌ಗೆ ಹೋಗುವಾಗ ಹೀಗೆ ಎಣಿಸುವುದನ್ನು ರೂಢಿಮಾಡಿಕೊ. ಸುಮ್ಮನೆ ‘ಫಾಸ್ಟ್ ಇಡಬೇಕು’ ಎಂದರೆ ಏನೂ ತಿಳಿಯುವುದಿಲ್ಲ.

ಕನೆಹಲಗೆಯ ಓಟದಲ್ಲಿ ಓಡಿಸುವವನು ಹಲಗೆಯ ಮೇಲೆ ಕಾಲೂರಿ ನಿಂತಿರುತ್ತಾನೆ, ಹಲಗೆಯ ತೂತುಗಳಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಗೆ ಹಾಯಬೇಕು. ಅಲ್ಲಿ ಚಿತ್ರದ ಜೀವ ಆ ನೀರಿನ ಕಂಬದಲ್ಲಿದೆ. ಪ್ರತಿ ಹನಿಯೂ ಗಾಳಿಯಲ್ಲಿ ನಿಲ್ಲಬೇಕು. 1/1600 ಅಥವಾ 1/2000 ಇಡು. ನಿಶಾನೆ ಮತ್ತು ನೀರು ಎರಡೂ ಫ್ರೇಮಿನಲ್ಲಿ ಇರಲೇಬೇಕು. ನೀರು ಎಲ್ಲಿಗೆ ಹಾಯಿತು ಎಂಬುದು ಕಾಣದಿದ್ದರೆ ಅದು ಕನೆಹಲಗೆಯ ಚಿತ್ರವಾಗುವುದಿಲ್ಲ. ಹಗ್ಗದ ಓಟ ಬಂದಾಗ ಅದೇ ಎಸ್ ಮೋಡ್‌ನಲ್ಲಿ 1/60ಕ್ಕೆ ಇಳಿ. ಕರೆಯ ಪಕ್ಕ ಕಾಲು ಅಗಲಿಸಿ ನಿಂತು, ಓಟ ಶುರುವಾಗುವ ಗಂತಿನಿಂದ ಕೋಣಗಳನ್ನು ಬಿಟ್ಟಾಗಿನಿಂದಲೇ ಅವುಗಳ ಕಣ್ಣನ್ನು ಫೋಕಸ್ ಬಿಂದುವಿನಲ್ಲಿ ಹಿಡಿದು ಸೊಂಟದಿಂದ ಮೈ ತಿರುಗಿಸುತ್ತ ಬಾ. ಒತ್ತಿದ ಮೇಲೂ ತಿರುಗುತ್ತಲೇ ಇರು. ಮುಖ ನಿಲ್ಲುತ್ತದೆ, ಕಾಲುಗಳೂ ನೀರೂ ಹಿಂದಿನ ಜನರೂ ಗೆರೆಗಳಾಗುತ್ತಾರೆ. ಹತ್ತರಲ್ಲಿ ಒಂದೆರಡು ಸಿಕ್ಕರೂ ಬೇಸರ ಮಾಡಿಕೊಳ್ಳಬೇಡ, ಪ್ಯಾನಿಂಗ್ ಎಂದರೆ ಎಲ್ಲರಿಗೂ ಅಷ್ಟೇ. ಮಧ್ಯಾಹ್ನದ ಬಿಸಿಲಲ್ಲಿ 1/60 ಇಟ್ಟರೆ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) 100 ಇದ್ದರೂ ಅಪರ್ಚರ್ ಎಫ್/20ರ ಆಸುಪಾಸಿಗೆ ಹೋಗಿ ಕೂರುತ್ತದೆ. ಅಷ್ಟು ಸಣ್ಣ ಕಂಡಿಯಲ್ಲಿ ಸೆನ್ಸರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕಿಯಾಗಿ ಕಾಣುತ್ತದೆ. ಹೊರಡುವ ಮೊದಲು ಸೆನ್ಸರ್ ಸ್ವಚ್ಛ ಮಾಡಿಸಿಕೊ.

ಸಂಜೆಯಾಗುತ್ತ ಬಂದಾಗ ಮೇಲೆ ಹೇಳಿದ ವ್ಯತ್ಯಾಸ ನಿನ್ನ ಕಣ್ಣೆದುರೇ ಕಾಣುತ್ತದೆ. ಐಎಸ್‌ಒ 400, ಲೆನ್ಸ್ ಎಫ್/5.6ಕ್ಕಿಂತ ಹೆಚ್ಚು ತೆರೆಯದು ಎಂದಿಟ್ಟುಕೋ. ಒಳ್ಳೆಯ ಬಿಸಿಲಿನಲ್ಲಿ ಈ ಹೊಂದಾಣಿಕೆಗೆ 1/3200 ಸಿಗುತ್ತಿತ್ತು, 1/2000 ಇಟ್ಟರೂ ಏನೂ ತೊಂದರೆಯಿಲ್ಲ. ಬೆಳಕು ನಾಲ್ಕು ಸ್ಟಾಪ್ ಇಳಿಯಿತು. ಎಸ್ ಮೋಡ್‌ನಲ್ಲಿ 1/2000ರಲ್ಲೇ ಉಳಿದರೆ ಚಿತ್ರ ಮೂರು ಸ್ಟಾಪಿಗೂ ಹೆಚ್ಚು ಕತ್ತಲು. ಎ ಮೋಡ್‌ನಲ್ಲಿ ಎಫ್/5.6 ಇಟ್ಟಿದ್ದರೆ ಬೆಳಕು ಸರಿ, ಆದರೆ ಶಟರ್ 1/200ಕ್ಕೆ ಇಳಿದು ಕೋಣದ ಮೂತಿ ಕಲಸಿಹೋಗಿರುತ್ತದೆ. ಇಲ್ಲಿ ಯಾವ ಮೋಡೂ ನಿನ್ನನ್ನು ಕಾಯುವುದಿಲ್ಲ. ಐಎಸ್‌ಒ ಏರಿಸಬೇಕು, ಅಥವಾ ಬೇರೆ ಚಿತ್ರ ಹುಡುಕಬೇಕು. ನಾನಾದರೆ ಆ ಹೊತ್ತಿಗೆ ಓಟವನ್ನು ಬಿಟ್ಟು ಕೋಣಗಳ ಮೈ ತೊಳೆಯುವ ಕಡೆ ಹೋಗುತ್ತೇನೆ, ಎ ಮೋಡ್‌ಗೆ ತಿರುಗಿಸಿ, ಲೆನ್ಸ್ ಪೂರ್ತಿ ತೆರೆದು. ಗೆದ್ದ ಕೋಣದ ಕೊರಳು ತಬ್ಬಿ ನಿಂತವರ ಮುಖಕ್ಕೆ 1/2000 ಬೇಡ.

ಜೋಗದ ಜಲಪಾತದಂಥ ನೀರಿಗೆ ಹೆಚ್ಚು ಮಾತು ಬೇಡ. ನೀರು ರೇಷ್ಮೆಯ ಹಾಗೆ ಕಾಣಲು ಅರ್ಧ ಸೆಕೆಂಡು ಬೇಕು, ಟ್ರೈಪಾಡ್ ಬೇಕು. ಪೂರ್ತಿ ಬಿಸಿಲಿದ್ದರೆ ಎಫ್/22ಕ್ಕೆ ಹೋದರೂ ಸುಮಾರು ಐದು ಸ್ಟಾಪ್ ಬೆಳಕು ಜಾಸ್ತಿಯಾಗುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇಲ್ಲದೆ ಆಗದು. ಮಳೆಗಾಲದ ಮೋಡದಡಿ ಕೆಲಸ ಸ್ವಲ್ಪ ಹಗುರ. ಆದರೆ ತುಂಬಿ ಬಿದ್ದಾಗಿನ ಜೋಗವನ್ನು ರೇಷ್ಮೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. 253 ಮೀಟರ್ ಮೇಲಿಂದ ಬೀಳುವ ನೀರಿಗೆ ತೂಕ ಇದೆ, ಅಬ್ಬರ ಇದೆ. ಎಲ್ಲವೂ ನೊರೆಹಾಲಾದರೆ ಅದು ಎಲ್ಲಿ ಉಳಿಯುತ್ತದೆ? 1/250 ಸುತ್ತ ಇಟ್ಟು ನೋಡು, ನೀರಿನ ಗಡ್ಡೆಗಳು ಒಡೆಯುವುದು ಕಾಣುತ್ತದೆ.

ಯಕ್ಷಗಾನದ್ದು ಬೇರೆಯೇ ಕಥೆ. ರಂಗಸ್ಥಳದ ಹಿಂದೆ ಕತ್ತಲು, ಮುಂದೆ ಬಣ್ಣ ಬಳಿದ ಮುಖದ ಮೇಲೆ ಉರಿಯುವ ಬೆಳಕು. ಬೆಳಕು ಅಳೆಯುವ ಮೀಟರ್ ಆ ಕತ್ತಲನ್ನೆಲ್ಲ ಲೆಕ್ಕಕ್ಕೆ ಹಿಡಿದು ‘ಬೆಳಕು ಸಾಲದು’ ಎಂದು ತಿಳಿಯುತ್ತದೆ, ವೇಷದ ಮುಖ ಸುಟ್ಟ ಹಾಗೆ ಬೆಳ್ಳಗಾಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಮೀಟರಿನ ತೀರ್ಮಾನವನ್ನು ತಿದ್ದುವ ಡಯಲನ್ನು, ಮೈನಸ್ ಒಂದಕ್ಕೆ ತಿರುಗಿಸು. ತೆಂಕುತಿಟ್ಟಿನ ವೇಷ ಧೀಂಗಿಣ ಹಾಕುವಾಗ, ಅಂದರೆ ಗಿರಗಿರನೆ ಸುತ್ತಿ ಹಾರುವಾಗ, ಎಸ್ ಮೋಡ್‌ನಲ್ಲಿ ಎರಡು ದಾರಿ: 1/500ರಲ್ಲಿ ನೆಲ ಬಿಟ್ಟ ಪಾದ ಸಿಗುತ್ತದೆ, 1/15ರಲ್ಲಿ ಸುತ್ತುವ ಬಟ್ಟೆಯ ಚಕ್ರ ಸಿಗುತ್ತದೆ. ಆದರೆ ಬೆಳಕು ಯಾವುದೆಂದು ಮೊದಲು ನೋಡು. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಳೆಯ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, ಶಟರಿಗೆ ತಿಳಿಯುತ್ತದೆ. 1/500 ಇಟ್ಟಾಗ ಒಂದು ಚಿತ್ರ ಬೆಳಕು, ಮುಂದಿನದು ಮಂಕು, ಅಡ್ಡಡ್ಡ ಪಟ್ಟೆ. ಕಲ್ಯಾಣ ಮಂಟಪದಲ್ಲೂ ಇದೇ ತೊಂದರೆ. ಅಂಥ ಕಡೆ ಎಸ್ ಮೋಡ್‌ನಲ್ಲಿ 1/100 ಅಥವಾ 1/50 ಹಿಡಿದರೆ ಮಿನುಗಿನ ಪೂರ್ತಿ ಸುತ್ತು ಒಳಗೆ ಬರುತ್ತದೆ, ಪಟ್ಟೆ ಇರುವುದಿಲ್ಲ. ಚಲನೆಗಾಗಿ ಅಲ್ಲದೆ ಬೆಳಕಿಗಾಗಿಯೇ ಶಟರ್ ಹಿಡಿಯಬೇಕಾದ ಸಂದರ್ಭ ಇದು.

ಕಾಂಪೆನ್ಸೇಷನ್ ಎಂದೆನಲ್ಲ, ಎ ಅಥವಾ ಎಸ್ ಎಂದು ತೀರ್ಮಾನಿಸುವುದಕ್ಕಿಂತ ಹೆಚ್ಚು ಚಿತ್ರಗಳನ್ನು ಉಳಿಸುವುದು ಆ ಸಣ್ಣ ಡಯಲ್. ಎರಡೂ ಮೋಡ್‌ಗಳಲ್ಲಿ ಬೆಳಕು ಇಷ್ಟಿರಬೇಕೆಂದು ತೀರ್ಮಾನಿಸುವುದು ಮೀಟರ್. ಅದಕ್ಕೆ ಗೊತ್ತಿರುವುದು ಒಂದೇ: ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನಡುಮಟ್ಟದ ಬೂದು. ಈಗಿನ ಕ್ಯಾಮೆರಾಗಳು ಮುಖವನ್ನೂ ಹಕ್ಕಿಯನ್ನೂ ಗುರುತಿಸಿ ಸ್ವಲ್ಪ ತಿದ್ದಿಕೊಳ್ಳುತ್ತವೆ, ಆದರೂ ಮೂಲ ಸ್ವಭಾವ ಅದೇ. ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿ ಹತ್ತಿದಾಗ ಇದು ಚೆನ್ನಾಗಿ ಅರ್ಥವಾಗುತ್ತದೆ. ಬಂಡೆಯ ಮೇಲೆ ಬೆಳ್ಳಕ್ಕಿ ಹತ್ತಿರ ಸಿಕ್ಕಿ ಫ್ರೇಮ್ ತುಂಬಿದರೆ ಪ್ಲಸ್ ಮುಕ್ಕಾಲು, ಪ್ಲಸ್ ಒಂದು ಕೊಡಬೇಕು, ಇಲ್ಲವಾದರೆ ಹಕ್ಕಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಅದೇ ಬೆಳ್ಳಕ್ಕಿ ದೂರದಲ್ಲಿ, ಕಪ್ಪು ನೀರಿನ ನಡುವೆ ಚಿಕ್ಕದಾಗಿ ಕಂಡರೆ ಮೈನಸ್ ಒಂದು ಕೊಡಬೇಕು. ಮೀಟರ್ ನೀರನ್ನು ಬೂದು ಮಾಡಲು ಹೋಗಿ ಗರಿಗಳನ್ನು ಸುಟ್ಟುಬಿಡುತ್ತದೆ. ‘ಬಿಳಿ ಹಕ್ಕಿಗೆ ಪ್ಲಸ್, ಕಪ್ಪಿಗೆ ಮೈನಸ್’ ಎಂದು ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಫ್ರೇಮಿನ ಹೆಚ್ಚು ಜಾಗವನ್ನು ಯಾವುದು ತುಂಬಿದೆ ಎಂದು ನೋಡು. ಬಿಳಿ ಆಕಾಶದ ಎದುರು ಕೊಂಬೆಯಲ್ಲಿ ರೆಕ್ಕೆ ಬಿಚ್ಚಿ ಕೂತ ನೀರುಕಾಗೆಗೆ ಪ್ಲಸ್ ಬೇಕಾಗುತ್ತದೆ, ಅದು ಕಪ್ಪಗಿದ್ದರೂ. ಹಿಸ್ಟೋಗ್ರಾಮ್ ತೆರೆದಿಟ್ಟುಕೋ, ಬಲಗಡೆ ಗೋಡೆಗೆ ಒತ್ತಿಕೊಂಡಿದ್ದರೆ ಗರಿ ಹೋಯಿತೆಂದೇ ಅರ್ಥ. ಮತ್ತೆ ದೋಣಿ ಇಳಿಯುವಾಗ ಡಯಲ್ ಸೊನ್ನೆಗೆ ತರುವುದನ್ನು ಮರೆಯಬೇಡ ಮಾರಾಯ್ತಿ.

ರಂಗನತಿಟ್ಟಿನಲ್ಲಿ ಯಾವ ಮೋಡ್ ಎಂದು ನೀನು ಕೇಳುತ್ತೀ ಎಂದು ಗೊತ್ತು. ಹಾರುವ ಹಕ್ಕಿಗೆ ಎಸ್ ಎಂದು ಹೆಚ್ಚಿನವರು ಹೇಳುತ್ತಾರೆ. ನಾನು ಎ ಹೇಳುತ್ತೇನೆ. ಉದ್ದದ ಲೆನ್ಸ್‌ಗಳಲ್ಲಿ ಎಫ್/5.6 ಅಥವಾ ಎಫ್/6.3ರಲ್ಲಿ ನಾವು ಹೇಗೂ ಪೂರ್ತಿ ತೆರೆದೇ ಇಡುತ್ತೇವೆ. 400 ಎಂ.ಎಂ.ನಲ್ಲಿ ಹತ್ತು ಮೀಟರ್ ದೂರಕ್ಕೆ ಎಫ್/5.6ರಲ್ಲಿ ಸಿಗುವ ಆಳ ಒಂದು ಗೇಣಿನಷ್ಟು, ಬಣ್ಣದ ಕೊಕ್ಕರೆಯ ಕಣ್ಣು ಮತ್ತು ಕೊಕ್ಕಿನ ತುದಿ ಎರಡೂ ಅದರಲ್ಲಿ ಹಿಡಿಯುವುದೇ ಕಷ್ಟ. ಅಪರ್ಚರ್ ಪೂರ್ತಿ ತೆರೆದಾಗ ಆ ಐಎಸ್‌ಒಗೆ ಸಿಗಬಹುದಾದ ಅತ್ಯಂತ ವೇಗದ ಶಟರನ್ನು ಕ್ಯಾಮೆರಾ ತಾನೇ ಕೊಡುತ್ತದೆ. ಅದಕ್ಕಿಂತ ವೇಗ ಕೇಳಿದರೆ ಎಸ್ ಮೋಡ್ ಕೊಡುವುದು ಕತ್ತಲನ್ನಷ್ಟೇ.

ಇದರ ಜೊತೆಗೆ ಆಟೋ ಐಎಸ್‌ಒ ಹಾಕಿಕೊ. ಮೆನುವಿನಲ್ಲಿ ‘ಮಿನಿಮಮ್ ಶಟರ್ ಸ್ಪೀಡ್’ ಎಂದಿದೆ, ಹಾರುವ ಹಕ್ಕಿಗೆ 1/1600, ಕೂತದ್ದಕ್ಕೆ 1/500, ಮನೆಯ ಮಕ್ಕಳಿಗೆ 1/250 ಇಡು. ಐಎಸ್‌ಒ ಮಿತಿಯನ್ನು ನಿನ್ನ ಸೆನ್ಸರ್ ತಾಳುವಷ್ಟು, 6400 ಎಂದಿಟ್ಟುಕೋ. ಆಗ ಎ ಮೋಡ್‌ನ ದೊಡ್ಡ ದೋಷವಾದ ಅಲುಗಾಟ ಬಹುಮಟ್ಟಿಗೆ ಹೋಗುತ್ತದೆ. ಎಸ್ ಮೋಡ್‌ಗೂ ಇಕ್ಕಟ್ಟು ಕಡಿಮೆಯಾಗುತ್ತದೆ, ಅಪರ್ಚರ್ ಮುಗಿದ ಮೇಲೆ ಐಎಸ್‌ಒ ಏರುತ್ತದೆ. ಶಟರ್, ಅಪರ್ಚರ್ ಎರಡನ್ನೂ ನೀನೇ ಹಿಡಿದು ಐಎಸ್‌ಒ ಮಾತ್ರ ಕ್ಯಾಮೆರಾಕ್ಕೆ ಬಿಡುವ ದಾರಿಯೂ ಇದೆ. ಪೆಂಟಾಕ್ಸ್‌ನವರು 2006ರ ಕೆ10ಡಿಯಲ್ಲಿ ಅದಕ್ಕೆ ಡಯಲ್ ಮೇಲೆಯೇ ಜಾಗ ಕೊಟ್ಟರು. ಉಳಿದ ಕಂಪನಿಗಳಲ್ಲಿ ‘ಎಂ’ ಇಟ್ಟು ಆಟೋ ಐಎಸ್‌ಒ ಹಾಕಿದರೆ ಅದೇ ಆಗುತ್ತದೆ. ಆದ್ದರಿಂದ ‘ಎಂ’ನಲ್ಲಿ ತೆಗೆದೆ ಎಂದು ಎದೆಯುಬ್ಬಿಸುವ ಎಷ್ಟೋ ಚಿತ್ರಗಳು ನಿಜಕ್ಕೂ ಅರೆ ಸ್ವಯಂಚಾಲಿತವೇ. ಅದರಲ್ಲಿ ತಪ್ಪೇನೂ ಇಲ್ಲ. ಕೆಲವು ಹಳೆಯ ಬಾಡಿಗಳಲ್ಲಿ ಆ ಜೋಡಣೆಯಲ್ಲಿ ಕಾಂಪೆನ್ಸೇಷನ್ ಕೆಲಸ ಮಾಡುವುದಿಲ್ಲ, ಹಳೆಯದನ್ನು ಎರವಲು ತಂದರೆ ಅದನ್ನು ಪರೀಕ್ಷಿಸಿ ನೋಡು.

ಪೂರ್ತಿ ಮ್ಯಾನುಯಲ್ ಬೇಕಾದ ಸಂದರ್ಭಗಳೂ ಇವೆ. ಬೆಳಕು ಬದಲಾಗದೆ ಹಿನ್ನೆಲೆ ಮಾತ್ರ ಬದಲಾಗುತ್ತಿರುವಾಗ, ಅಂದರೆ ಹಕ್ಕಿ ಆಕಾಶದಿಂದ ಮರಗಳ ಎದುರಿಗೆ, ಅಲ್ಲಿಂದ ನೀರಿನ ಮೇಲಕ್ಕೆ ಹಾರುವಾಗ, ಮೀಟರನ್ನು ನಂಬಿದರೆ ಪ್ರತಿ ಚಿತ್ರವೂ ಬೇರೆ ಬೆಳಕು. ಹಕ್ಕಿಯ ಮೇಲೆ ಬೀಳುವ ಬಿಸಿಲು ಮಾತ್ರ ಅಷ್ಟೇ ಇರುತ್ತದೆ. ಆಗ ಅಪರ್ಚರ್, ಶಟರ್, ಐಎಸ್‌ಒ ಮೂರನ್ನೂ ಕಟ್ಟಿಹಾಕು. ಮದುವೆಯಲ್ಲಿ ಫ್ಲಾಶ್ ಹಾಕಿದಾಗಲೂ ಹಾಗೆಯೇ.

ಮೂಡುಬಿದಿರೆಯಿಂದ ಬಂದ ಮೇಲೆ ಕೆಟ್ಟ ಚಿತ್ರಗಳನ್ನು ಅಳಿಸಬೇಡ. ಲ್ಯಾಪ್‌ಟಾಪ್‌ನಲ್ಲಿ ಅಪರ್ಚರ್, ಶಟರ್, ಐಎಸ್‌ಒ ಅಂಕಿಗಳು ಚಿತ್ರದ ಕೆಳಗೇ ಕಾಣುವಂತೆ ಮಾಡಿಕೊಂಡು, ಒಂದೊಂದರ ಮುಂದೆಯೂ ಯಾವ ಅಂಕಿಯನ್ನು ನೀನು ಇಟ್ಟಿದ್ದೆ, ಯಾವುದನ್ನು ಕ್ಯಾಮೆರಾ ಇಟ್ಟಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆ. ಕಲಸಿಹೋದ ಕೋಣದ ಮುಂದೆ ‘1/200, ಕ್ಯಾಮೆರಾ’ ಎಂದು ಬರೆಯಬೇಕಾಗಿ ಬಂದರೆ ಆ ಗಳಿಗೆಯಲ್ಲಿ ನೀನು ಯಾವ ಅಂಕಿಯನ್ನು ನೋಡುತ್ತಿರಲಿಲ್ಲ ಎಂಬುದು ಅಲ್ಲೇ ತಿಳಿಯುತ್ತದೆ. ಆ ನೋಟ್‌ಬುಕ್ಕನ್ನೂ ಕಾರ್ಡನ್ನೂ ಮದುವೆಗೆ ಬರುವಾಗ ತಾ. ಹಿಂದಿನ ದಿನವೇ ಬಂದರೆ ರಾತ್ರಿ ಊಟವಾದ ಮೇಲೆ ಕೂತು ನೋಡೋಣ.

— ನಿನ್ನ ದೊಡ್ಡಪ್ಪ